ಪಕ್ಕದ ಕುರ್ಚಿ

ವಾಲ್ವಿಸ್ ಬೇಯಲ್ಲಿ ಹತ್ತಾದರೂ ಮಂಜು ಏಳುವುದಿಲ್ಲ.
ಒಂದು ಕಡೆ ಮರಳು, ಒಂದು ಕಡೆ ಉಪ್ಪು,
ನಡುವೆ ನಮ್ಮ ಶೆಡ್ಡು: ಮೀನಿನ ತಲೆ ಇತ್ತ, ಮೈ ಅತ್ತ.
ಹನ್ನೊಂದು ವರ್ಷದಿಂದ ಎರಡನೇ ಬೆಲ್ಟಿನಲ್ಲಿ ನಾನು,
ನೆಲಾಗೊ, ಚೂರಿ ಹಿಡಿದ ಕೈ.

ಪ್ರತಿನಿಧಿ ಯಾರಾಗುತ್ತೀರಿ ಎಂದು
ಯೂನಿಯನ್ನಿನವನು ಬಂದು ಕೇಳಿದಾಗ
ಎಲ್ಲರೂ ತಂತಮ್ಮ ಗಂಬೂಟು ನೋಡಿಕೊಂಡರು.
ನಾನು ಮೂಗು ಒರೆಸಲು ಮೊಣಕೈ ಎತ್ತಿದ್ದೆ, ಅಷ್ಟೆ.
ಆಮೇಲೆ ನನ್ನ ಪರವಾಗಿ ಎಲ್ಲರೂ ಕೈ ಎತ್ತಿದರು,
ನೂರಾ ಆರು ಹಳದಿ ಗ್ಲೌಸು, ನೀರು ತೊಟ್ಟಿಕ್ಕುತ್ತ.
ಕೈ ಎತ್ತುವುದಕ್ಕೆ ಎರಡು ಅರ್ಥ ಇದೆಯೆಂದು
ಅವತ್ತು ಹೊಳೆಯಲಿಲ್ಲ.

ಬುಧವಾರ ಲಾಹ್ಯಾಳ ವಿಚಾರಣೆ.
ಬೆಲ್ಟು ಬಿಟ್ಟು ಹೋದದ್ದು ಹದಿನಾಲ್ಕು ನಿಮಿಷ.
ಅಪ್ಪಣೆ ಇದ್ದದ್ದು ಆರು.
ತಿಂಗಳಲ್ಲಿ ಇದು ಮೂರನೆಯ ಸಲ.

ಹಿಂದಿನ ಸಂಜೆ ಬಟ್ಟೆ ಬದಲಿಸುವ ಕೋಣೆಯಲ್ಲಿ
ಗೋಡೆಗೆ ಮುಖ ಮಾಡಿ ನನಗೆ ಕಾರಣ ಹೇಳಿದಳು.
ಹೇಳಿ ಮುಗಿಸಿ,
'ಹೇಳಿದ್ದು ನಿನಗೆ. ಆ ಗಂಡಸರಿಗಲ್ಲ.
ನೀನು ಬಾಯಿ ಬಿಟ್ಟರೆ
ಅವರು ತೆಗೆಯುವ ಮೊದಲೇ ನಾನು ಎದ್ದು ಹೋಗುತ್ತೇನೆ.'

ಒಬ್ಬರ ಪರವಾಗಿ ನಿಲ್ಲುವುದೆಂದರೆ
ಅವರ ಬಾಯಿ ಆಗುವುದು ಅಂದುಕೊಂಡಿದ್ದೆ.
ತರಬೇತಿಯಲ್ಲಿ ಹಾಗೇ ಹೇಳಿದ್ದರು, ಬಿಸ್ಕತ್ತು ಕೊಟ್ಟು.
ಮುಚ್ಚಿದ ಬಾಯಿಯೂ ಅವರದೇ ಎಂದು
ಯಾರೂ ಹೇಳಿರಲಿಲ್ಲ.
ಆ ರಾತ್ರಿಯಿಡೀ ನನ್ನ ಮಗ್ಗುಲಲ್ಲಿ
ಆ ಎರಡನೇ ಅರ್ಥ ಮಲಗಿತ್ತು.

ಆಫೀಸಿನಲ್ಲಿ ಹೀಟರು, ರಾಜಹಂಸಗಳ ಕ್ಯಾಲೆಂಡರು.
ನನಗಿಂತ ಮೊದಲು ನನ್ನ ವಾಸನೆ ಒಳಗೆ ಹೋಯಿತು.
ಲಾಹ್ಯಾಳಿಗೊಂದು ಕುರ್ಚಿ, ಪಕ್ಕದಲ್ಲಿ ಇನ್ನೊಂದು.
ಆ ಇನ್ನೊಂದಕ್ಕಾಗಿ ಹಿಂದೆ ಯಾರೋ
ಹದಿನೆಂಟು ದಿನ ಗೇಟಿನ ಹೊರಗೆ ಕೂತಿದ್ದರಂತೆ.
ಅದರ ಒಂದು ಕಾಲು ಗಿಡ್ಡ. ಅಲುಗುತ್ತಿತ್ತು.

'ಕಾರಣ?' ಎಂದರು ಓಡೆಂಡಾಲ್.
ಕೆಟ್ಟ ಮನುಷ್ಯನಲ್ಲ. ನನ್ನ ಮಗನಿಗೆ ಜ್ವರ ಬಂದಾಗ
ತಮ್ಮ ಕಾರು ಕೊಟ್ಟವರು. ಗಡಿಯಾರದ ಮುಂದೆ ಮಾತ್ರ
ಅವರಿಗೆ ಕಿವಿ ಕೇಳುವುದಿಲ್ಲ.

ನೋಟ್‌ಬುಕ್ ತೆರೆದೆ.
'ಮಾರ್ಚ್ ಒಂಬತ್ತು. ಬೆಲ್ಟು ನಿಂತಿತ್ತು, ನಲವತ್ತೊಂದು ನಿಮಿಷ.
ಹದಿನೇಳು. ಇಪ್ಪತ್ತಾರು ನಿಮಿಷ.'
'ಅದು ಬೇರಿಂಗಿನ ತೊಂದರೆ.'
'ಹೌದು ಸರ್. ಬೆಲ್ಟು ನಿಂತರೆ ಗ್ರೀಸು ತರುತ್ತೀರಿ.
ಹೆಂಗಸು ನಿಂತರೆ ನೋಟಿಸು.'

ಇದರ ಮುಂದೆ ಇನ್ನೊಂದು ಸಾಲಿತ್ತು,
ಬೆಳಗಿನ ಬಸ್ಸಿನಲ್ಲಿ ಕಟ್ಟಿಕೊಂಡದ್ದು, ಇದಕ್ಕಿಂತ ಚೆಂದದ್ದು.
ಮರೆತುಹೋಯಿತು.
ಕುರ್ಚಿ ಅಲುಗುತ್ತಿತ್ತೋ ನಾನೋ.
ಆಮೇಲೆ ಸುಮ್ಮನೆ ಕೇಳಿದೆ:
'ಕಾರಣವನ್ನು ನರ್ಸಮ್ಮನಿಗೆ ಹೇಳುತ್ತಾಳೆ.
ಅವರು ನಿಮಗೆ ಹೌದು ಅನ್ನುತ್ತಾರೆ, ಇಲ್ಲ ಅನ್ನುತ್ತಾರೆ.
ನಡುವಿನದು ನಿಮಗೆ ಬೇಡ.'

ನರ್ಸಮ್ಮ ಹೌದು ಅಂದರು.
ಕೆಲಸ ಉಳಿಯಿತು. ಮೂರು ದಿನದ ಸಂಬಳ ಹೋಯಿತು.
ಓಡೆಂಡಾಲ್ ಕೈ ಕುಲುಕಿ, ಆಮೇಲೆ ಕರವಸ್ತ್ರಕ್ಕೆ ಒರೆಸಿಕೊಂಡರು,
ಮೀನಿನ ಕಾರಣಕ್ಕೇ ಇರಬೇಕು.

ಹೊರಗೆ ಮರಳುಗಾಳಿ.
'ಮೂರು ದಿನ,' ಎಂದಳು ಲಾಹ್ಯಾ.
'ತಿಂಗಳು ತಿಂಗಳು ಚಂದಾ ಕಟ್ಟುವುದು
ಮೂರು ದಿನ ಕಳೆದುಕೊಳ್ಳಲಿಕ್ಕಾ?'
ಉತ್ತರ ನನ್ನಲ್ಲಿತ್ತು. ಅರ್ಧ ಹೇಳಿದೆ.
ಉಳಿದರ್ಧ ಹಲ್ಲಿನಲ್ಲಿ ಮರಳಿನ ಜೊತೆ ಕರಕರ ಎಂದಿತು.

ಸೋಮವಾರ ಮತ್ತೆ ಅವಳು ಬೆಲ್ಟು ಬಿಟ್ಟು ಹೋದಳು.
ಸೂಪರ್‌ವೈಸರ್ ಮುಳ್ಳು ನೋಡಿದ.
ಎಡಕ್ಕಿದ್ದವಳು, ಯಾರೂ ಹೇಳದೆ,
ಅವಳ ಪಾಲಿನ ಮೀನು ತನ್ನ ಹಲಗೆಗೆ ಎಳೆದುಕೊಂಡಳು.
ಬಲಕ್ಕೆ ಹಿಲೆನಿ, ಈವರೆಗೆ ಒಂದು ಕಾಸು ಚಂದಾ ಕೊಡದವಳು,
ನಮ್ಮದನ್ನು ಬಿಸ್ಕತ್ತಿನ ಸಂಘ ಎಂದು ಆಡಿಕೊಳ್ಳುವವಳು,
ಬೈಯುತ್ತ ಬೈಯುತ್ತ ಎರಡು ಎಳೆದುಕೊಂಡಳು.
ಲಾಹ್ಯಾಳ ಜಾಗದಲ್ಲಿ ರಾಶಿ ಬೆಳೆಯಲಿಲ್ಲ.

ಹದಿನೇಳು ನಿಮಿಷ.
ಅಭ್ಯಾಸಬಲ, ಪೆನ್ಸಿಲ್ ತೆಗೆದೆ.
ಗ್ಲೌಸು ಒದ್ದೆ. ಬರೆಯಲಿಲ್ಲ.
ಬೆಲ್ಟಿನ ಮೇಲೆ ಒಂದು ಮೀನು ತೇಲಿ ಬರುತ್ತಿತ್ತು,
ಅವಳದು.